ಕಡೆಯ ಪುಟಗಳು

ಪತ್ತೇದಾರಿ ಕಾದಂಬರಿಯ ಕಡೆಯ ಪುಟವನ್ನೇ ಮೊದಲು ತಿರುವಿ ನೋಡುವವರು ಕೆಲವರಿದ್ದಾರೆ. ಬಾಲ್ಯದಲ್ಲಿ ನಮಗೆ ಆ ಭಾಗ್ಯವಿರಲಿಲ್ಲ. ರೋಣದಲ್ಲಿ ನಮ್ಮ ಕೈಗೆ ಬರುತ್ತಿದ್ದ ಬಾಡಿಗೆಯ ಪುಸ್ತಕಗಳಿಗೆ ಬಹುಮಟ್ಟಿಗೆ ಕಡೆಯ ಪುಟಗಳೇ ಇರುತ್ತಿರಲಿಲ್ಲ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿ, 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು, ನರಗುಂದ ಗಜೇಂದ್ರಗಡಗಳ ಮನೆಗಳನ್ನೆಲ್ಲ ಸುತ್ತಿ, ಹೊಲಿಗೆ ಬಿಚ್ಚಿಕೊಂಡು ನಮ್ಮಲ್ಲಿಗೆ ಬರುತ್ತಿದ್ದನು. ಕೊಲೆಗಾರನ ಹೆಸರು ಬರಬೇಕೆನ್ನುವಷ್ಟರಲ್ಲಿ ಪುಸ್ತಕವೇ ಮುಗಿದುಹೋಗುತ್ತಿತ್ತು. ಆಗ ಅಣ್ಣನು ಚಿಮಣಿಯ ಬೆಳಕಿನಲ್ಲಿ ಪುಸ್ತಕವನ್ನು ಮುಖದ ಹತ್ತಿರ ಹಿಡಿದು ಇಲ್ಲದ ಪುಟಗಳನ್ನು ‘ಓದುತ್ತಿದ್ದನು’. ಅದೆಲ್ಲ ಅವನೇ ಕಟ್ಟಿದ ಕಥೆಯೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಆ ಅಣ್ಣನಿಗೆ ಈಗ ಎಂಬತ್ತರ ಸಮೀಪ. ಇಂಗ್ಲಿಷ್ ಮಾಸ್ತರನಾಗಿ ನಿವೃತ್ತನಾದವನು. ಸಂಧಿವಾತದಿಂದ ಬೆರಳುಗಳು ಬಾತಿವೆ, ಹೃದಯ ದುರ್ಬಲ, ಕಣ್ಣಿಗೆ ಅಕ್ಷರ ಹತ್ತುವುದಿಲ್ಲ. ಕಳೆದ ಪಂಚಮಿಗೆ ನಾನು ತವರಿಗೆ ಹೋದಾಗ, ಟ್ರಂಕಿನ ತಳದಿಂದ ಒಂದು ಪುಸ್ತಕವನ್ನು ತೆಗೆಸಿದನು. ಅಗಾಥಾ ಕ್ರಿಸ್ಟಿಯ ‘ಕರ್ಟನ್’.

“ಪೊಯ್ರೋನ ಕಥಿ ಎಲ್ಲಾ ಓದೀನಿ ತಂಗೆವ್ವಾ, ಇದೊಂದ ಇಟ್ಟೀನಿ. ಇದು ಮುಗದ್ರ ಅಂವ ಮುಗದಂಗ. ಈಗ ನೀ ಓದಿ, ಕನ್ನಡದಾಗ ಹೇಳು.”

ಕರ್ಟನ್ ಎಂದರೆ ನಾಟಕದ ತೆರೆ. ಈ ತೆರೆಯನ್ನು ಲೇಖಕಿ ಬಹಳ ಮೊದಲೇ ನೇಯ್ದಿಟ್ಟಿದ್ದಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರೆದು ಭದ್ರಪಡಿಸಿದ ಕಾದಂಬರಿ ಬೆಳಕು ಕಂಡದ್ದು 1975ರಲ್ಲಿ. ಅದೇ ಆಗಸ್ಟ್ 6ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ, ಎಂದೂ ಹುಟ್ಟದ ಈ ಪೊಯ್ರೋನ ಮರಣವಾರ್ತೆಯನ್ನು ಮುಖಪುಟದಲ್ಲಿ ಅಚ್ಚುಮಾಡಿತು! ಮರುವರ್ಷ ಜನವರಿಯಲ್ಲಿ ಲೇಖಕಿಯೂ ತೀರಿಕೊಂಡಳು. 1893ರಲ್ಲಿ ಜಲಪಾತಕ್ಕೆ ಬಿದ್ದು ಸತ್ತನೆನಿಸಿದ್ದ ಷರ್ಲಾಕ್ ಹೋಮ್ಸ್, ಹತ್ತು ವರ್ಷಗಳ ಮೇಲೆ ಬದುಕಿ ಬಂದನು. ಪೊಯ್ರೋನಿಗೆ ಅಂಥ ದಾರಿಯನ್ನು ಲೇಖಕಿ ಉಳಿಸಲಿಲ್ಲ.

1920ರ ಮೊದಲ ಕಾದಂಬರಿ ನಡೆದ ಸ್ಟೈಲ್ಸ್ ಎಂಬ ಮನೆಗೇ ಕಡೆಯ ಕಥೆಯೂ ಹಿಂದಿರುಗುತ್ತದೆ. ಆ ದೊಡ್ಡ ಮನೆ ಈಗ ವಸತಿಗೃಹ, ಹಳೆಯ ಗೆಳೆಯ ಹೇಸ್ಟಿಂಗ್ಸ್ ಹೆಂಡತಿಯನ್ನು ಕಳೆದುಕೊಂಡವನು, ಪೊಯ್ರೋ ಗಾಲಿಕುರ್ಚಿಯಲ್ಲಿ. ಸಂಧಿವಾತ, ಹೃದಯದ ಬೇನೆ. ಇದನ್ನು ಹೇಳುವಾಗಲೆಲ್ಲ ನನ್ನ ದೃಷ್ಟಿ ಅಣ್ಣನ ಬೆರಳುಗಳ ಕಡೆಗೆ ಹೋಗಿ ದನಿ ತಗ್ಗುತ್ತಿತ್ತು. ಮೂರನೆಯ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೊಬ್ಬಳೇ ಕಡೆಯವರೆಗೆ ಓದಿದೆನು. ಆ ಸಾವನ್ನು ಈ ಮನುಷ್ಯನ ಮುಂದೆ ಹೇಗೆ ಓದಲಿ? ನಿದ್ರೆ ಬರಲಿಲ್ಲ.

ಮರುದಿನ ಮಧ್ಯಾಹ್ನ ಧೈರ್ಯಮಾಡಿ ಕಥೆ ಕಟ್ಟಿದೆನು. ಔಷಧಿ ವೇಳೆಗೆ ಸರಿಯಾಗಿ ಸಿಕ್ಕಿತು, ಪೊಯ್ರೋ ಚೇತರಿಸಿಕೊಂಡನು, ಗೆಳೆಯನೊಡನೆ ಲಂಡನ್ನಿನ ರೈಲು ಹತ್ತಿದನು. ಅಣ್ಣನು ಕಣ್ಣು ಮುಚ್ಚಿ ಕೇಳುತ್ತಿದ್ದವನು ಮೆಲ್ಲನೆ ಕೇಳಿದನು:

“ಕಾಲು ತಾಸಾತು, ಹಾಳಿ ತಿರುವಿದ ಸಪ್ಪಳನ ಬರಲಿಲ್ಲಲ್ಲ? ಒಂದು ಹಾಳಿಯೊಳಗ ಇಷ್ಟು ಕಥಿ ಇರ್ತದೇನು?”

ನಾನು ಮಾತಾಡಲಿಲ್ಲ.

“ಆ ವಿದ್ಯಾ ನಿನಗ ಕಲಿಸಿದಾಂವ ನಾನ. ಆವಾಗ ಹಾಳಿ ಇರಲಿಲ್ಲ, ಕಟ್ಟಿ ಹೇಳಿದೆ. ಈಗ ಅದಾವಲ್ಲ? ತೆರಿ ಬೀಳೂ ಮುಂದ ಎದ್ದು ಹೋಗಬಾರದು. ಓದು.”

ಓದಿದೆನು. ನನ್ನ ಕಣ್ಣು ತುಂಬಿ ಎರಡು ಕಡೆ ನಿಲ್ಲಬೇಕಾಯಿತು. ಅವನು ತಟಸ್ಥನಾಗಿ ಕುಳಿತಿದ್ದನು. ಪೊಯ್ರೋ ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ ಗೆಳೆಯನ ಕೈಸೇರುವ ಕಾಗದದಲ್ಲಿ ಎಲ್ಲ ಗಂಟುಗಳೂ ಬಿಚ್ಚುತ್ತವೆ. ಕೊಲೆಗಾರನಾರೆಂದು ಇಲ್ಲಿ ಹೇಳಲಾರೆ. ಓದದವರ ಶಾಪ ನನಗೇಕೆ? ಅಣ್ಣನಂತೂ, “ಅಂವನ ಅಂತ ನಾ ಮೊದಲನೇ ದಿನಾನ ಹೇಳಿದ್ದೆ” ಎಂದನು. ಹೇಳಿರಲಿಲ್ಲ. ನಾನು ವಾದಿಸಲಿಲ್ಲ.

ಆಮೇಲೆ ಶೇಂಗಾದ ಉಂಡಿಯೊಂದನ್ನು ಕೇಳಿ ತೆಗೆದುಕೊಂಡು ಬಹಳ ಹೊತ್ತು ಮೆಲ್ಲುತ್ತ ಕುಳಿತನು. ನಾನು ಊರಿಗೆ ಹೊರಟಾಗ ಬಾಗಿಲವರೆಗೆ ಕೋಲೂರಿಕೊಂಡು ಬಂದು ಹೇಳಿದನು:

“ಮುಂದಿನ ಸಲ ಎಲ್ಲೆರೆ ಪುರುಷೋತ್ತಮ ಸಿಕ್ಕರ ತಗೊಂಡು ಬಾ. ಕಡೀ ಹಾಳಿ ಹರಿದಿದ್ರೂ ನಡೀತದ.”