ಕಾಗದನಗರದಲ್ಲಿ ಒಂದು ವರ್ಷದ ಬಿಡುವು

ಶಿವಮೊಗ್ಗದಲ್ಲಿ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಭದ್ರಾವತಿ. 1918ರಲ್ಲಿ ಸ್ಥಾಪನೆಯಾದ ಕಬ್ಬಿಣದ ಕಾರ್ಖಾನೆ ಈ ಊರಿನ ಒಂದು ಗುರುತು. 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ ಇನ್ನೊಂದು. ಆ ಕಾಗದ ಕಾರ್ಖಾನೆಯ ನೌಕರರಿಗಾಗಿ ಬೆಳೆದ ಬಡಾವಣೆಯೇ ಕಾಗದನಗರ. ಬಿದಿರು, ಮರ, ಕಬ್ಬಿನ ಸಿಪ್ಪೆ ಇಲ್ಲಿ ಹಾಳೆಯಾಗುತ್ತಿದ್ದವು. 2015ರಲ್ಲಿ ಉತ್ಪಾದನೆ ನಿಂತಿತು.

ಇಲ್ಲಿ ನನ್ನ ಅಕ್ಕನ ಮನೆಯಿದೆ. ಭಾವ ಕಾರ್ಖಾನೆಯಲ್ಲಿದ್ದವರು. ಮಗ ಬೆಂಗಳೂರಿನಲ್ಲಿ ಎಂಟು ವರ್ಷ ಪ್ರೋಗ್ರಾಮರ್ ಆಗಿ ದುಡಿದು, ಈಗ ಒಂದು ವರ್ಷದ ಮಟ್ಟಿಗೆ ಕೆಲಸ ಬಿಟ್ಟು ಬಂದಿದ್ದಾನೆ. ಕನ್ನಡ ಅಕ್ಷರಗಳ ವಿನ್ಯಾಸ ಕಲಿಯಬೇಕಂತೆ.

“ಇರೋ ಕೆಲಸ ಬಿಟ್ಟು ಅಕ್ಷರ ತಿದ್ದೋಕೆ ಬಂದಿದ್ದಾನೆ, ನೋಡಯ್ಯ” ಎಂದರು ಭಾವ. ಕೆಲಸ ನಿಂತುಹೋದದ್ದನ್ನು ಕಣ್ಣಾರೆ ಕಂಡವರ ಅಂಜಿಕೆ ಅದು.

ಹುಡುಗ ಡೊನಾಲ್ಡ್ ಕ್ನೂತ್ ಅವರ ಕಥೆ ಹೇಳಿದ. ಅಮೆರಿಕದ ಈ ಗಣಕವಿಜ್ಞಾನಿ 1977ರಲ್ಲಿ ತಮ್ಮ ಪುಸ್ತಕದ ಕರಡಚ್ಚು ನೋಡಿ ಬೇಸರಗೊಂಡರು. ಪ್ರೋಗ್ರಾಮಿಂಗ್ ಕುರಿತ ಗ್ರಂಥಮಾಲೆಯನ್ನು ಬದಿಗಿಟ್ಟು ಅಚ್ಚಿನ ಕಲೆ ಕಲಿಯಲು ಕುಳಿತರು. ಬೇಗ ಮುಗಿದೀತು ಎಂದುಕೊಂಡದ್ದು ಹತ್ತು ವರ್ಷ ಹಿಡಿಯಿತು. ಅದರ ಫಲವಾದ ‘ಟೆಕ್’ ತಂತ್ರಾಂಶದಲ್ಲಿ ಗಣಿತದ ಪ್ರಬಂಧಗಳು ಇಂದಿಗೂ ಸಿದ್ಧವಾಗುತ್ತವೆ.

“ಹತ್ತು ವರ್ಷ ಸಂಬಳ ಕೊಟ್ಟವರಾರು?” ಭಾವನ ಪ್ರಶ್ನೆ.

ಕ್ನೂತ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದರು. ನಮ್ಮ ಹುಡುಗನಿಗೆ ಆ ಆಸರೆಯಿಲ್ಲ. ಅದಕ್ಕೇ ಹದಿನಾಲ್ಕು ತಿಂಗಳ ಖರ್ಚು ಬ್ಯಾಂಕಿನಲ್ಲಿಟ್ಟು, ಸಾಲ ತೀರಿಸಿ, ತಿಂಗಳಿಗೊಂದು ಪಾಠ ಎಂದು ಪಟ್ಟಿ ಬರೆದುಕೊಂಡೇ ಹೊರಟಿದ್ದಾನೆ. ಹಳೆಯ ವಿದ್ಯೆಯೂ ವ್ಯರ್ಥವಾಗಿಲ್ಲ. ‘ರಾಷ್ಟ್ರ’ ಎಂದು ಕೀಲಿ ಒತ್ತಿದಾಗ ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂರಬೇಕಾದರೆ ಫಾಂಟಿನೊಳಗೆ ನಿಯಮಗಳನ್ನು ಬರೆಯಬೇಕು. ಅದೂ ಒಂದು ಬಗೆಯ ಪ್ರೋಗ್ರಾಮಿಂಗೇ. ಅಕ್ಷರದ ದುಂಡು, ಗೆರೆಯ ದಪ್ಪ ಮಾತ್ರ ಕೈಯಿಂದ ಬರೆದೇ ಕಲಿಯಬೇಕು.

ಕೆಲಸ ಬಿಟ್ಟು ಕಲಿಯುತ್ತೇನೆ ಎನ್ನುವ ಮಕ್ಕಳನ್ನು ಹೆತ್ತವರು ಗದರುವ ಮೊದಲು ಆ ಪಟ್ಟಿಯನ್ನು ಕೇಳಿ ನೋಡಬೇಕು. ಪಟ್ಟಿಯಿಲ್ಲದಿದ್ದರೆ ಗದರಬಹುದು.

ಸಂಜೆ ಹುಡುಗ ತನ್ನ ಅಕ್ಷರಗಳ ಮೊದಲ ಹಾಳೆಯನ್ನು ಅಪ್ಪನ ಕೈಗಿಟ್ಟ. ಭಾವ ಹಾಳೆಯ ಅಂಚನ್ನು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, “ಕಾಗದ ತೆಳು” ಎಂದರು. ಆಮೇಲೆ ಕನ್ನಡಕ ಹಾಕಿಕೊಂಡು, “ಇಲ್ಲಿ ನೋಡು, ಒತ್ತು ಕೆಳಗಿನ ಸಾಲಿಗೆ ತಾಗ್ತಿದೆ” ಎಂದು ಬೆರಳಿಟ್ಟು ತೋರಿಸಿದರು.

ಹುಡುಗ ಪೆನ್ಸಿಲ್ ತರಲು ಒಳಗೆ ಓಡಿದ.