ಪಿಯೋಲಿಯ ರೆಕ್ಕೆಯ ಚೆಂಡು

ಅಮೆರಿಕದ ಓಹಾಯೊ ರಾಜ್ಯದ ಪೂರ್ವಭಾಗ ದಿಣ್ಣೆಗಳ ನಾಡು. ಅಲ್ಲಿ ಪಿಯೋಲಿ ಎಂಬ ಪುಟ್ಟ ಹಳ್ಳಿಯಿದೆ. ಹಳ್ಳಿಗೊಂದು ಮೆಥಡಿಸ್ಟ್ ಇಗರ್ಜಿ, ಇಗರ್ಜಿಗೊಂದು ರುದ್ರಭೂಮಿ. ಅಲ್ಲಿಯ ಸಮಾಧಿಶಿಲೆಯೊಂದರ ಮೇಲೆ ರೆಕ್ಕೆ ಮೂಡಿದ ಚೆಂಡೊಂದನ್ನು ಕೆತ್ತಿದ್ದಾರೆ.

ಆ ಕಲ್ಲಿನಡಿ ಮಲಗಿರುವವನು ಡೆಂಟನ್ ಟ್ರೂ ಯಂಗ್. ಲೋಕವು ಬಲ್ಲ ಹೆಸರು ಸೈ ಯಂಗ್. 1867ರಲ್ಲಿ ಸಮೀಪದ ಗಿಲ್ಮೋರ್‌ನ ರೈತ ಕುಟುಂಬವೊಂದರಲ್ಲಿ ಹುಟ್ಟಿದ. ಆರನೆಯ ತರಗತಿಗೇ ಶಾಲೆಯ ಋಣ ತೀರಿತು. ಆದರೆ ಹೊಲದಲ್ಲಿ ದುಡಿದ ತೋಳಿಗೆ ಬೇರೊಂದು ವಿದ್ಯೆ ಒಲಿದಿತ್ತು. ಬೇಸ್‌ಬಾಲಿನ ಪಿಚರ್ ನಮ್ಮ ಕ್ರಿಕೆಟ್ಟಿನ ಬೌಲರನ ದಾಯಾದಿ. ಆದರೆ ಆ ಕಾಲದಲ್ಲಿ ಒಬ್ಬನೇ ಆಟ ಮುಗಿಯುವವರೆಗೂ ಎಸೆಯುವುದು ವಾಡಿಕೆ. 1890ರಲ್ಲಿ ಕ್ಯಾಂಟನ್ ಪಟ್ಟಣದ ತಂಡವನ್ನು ಸೇರಿದಾಗ, ಅವನ ಚೆಂಡಿನ ಪೆಟ್ಟಿಗೆ ಮುರಿದ ಬೇಲಿಯ ಹಲಗೆಗಳನ್ನು ಕಂಡವರು ಸೈಕ್ಲೋನ್ ಬಡಿದಂತಿದೆ ಎಂದರಂತೆ. ಆ ಬಿರುಗಾಳಿಯ ಹೆಸರೇ ಮೊಟಕಾಗಿ ‘ಸೈ’ ಆಯಿತು. ಅದೇ ವರ್ಷ ಕ್ಲೀವ್‌ಲೆಂಡಿನ ದೊಡ್ಡ ತಂಡವು ಅವನನ್ನು ಕರೆದುಕೊಂಡಿತು. 1893ರಲ್ಲಿ ಎಸೆತದ ದೂರವನ್ನು 60 ಅಡಿ 6 ಅಂಗುಲಕ್ಕೆ ಹೆಚ್ಚಿಸಿದರು. ಅವನ ತೋಳು ಅದಕ್ಕೂ ಜಗ್ಗಲಿಲ್ಲ.

1901ರಲ್ಲಿ ಅವನು ಬಾಸ್ಟನ್ ನಗರದ ತಂಡಕ್ಕೆ ಬಂದ. ಆ ತಂಡ ಆಡುತ್ತಿದ್ದ ಹಂಟಿಂಗ್ಟನ್ ಅವೆನ್ಯೂ ಮೈದಾನ ಇಂದು ಇಲ್ಲ. ಅಲ್ಲಿ ವಿಶ್ವವಿದ್ಯಾನಿಲಯದ ಕಟ್ಟಡಗಳೆದ್ದಿವೆ. ಅವುಗಳ ನಡುವೆ, ಚೆಂಡನ್ನು ಹಿಡಿದು ಮುಂದಕ್ಕೆ ಬಾಗಿದ ಯಂಗನ ಪ್ರತಿಮೆ ನಿಂತಿದೆ. 1903ರ ಅಕ್ಟೋಬರ್ 1ರಂದು, ಪ್ರಥಮ ವಿಶ್ವ ಸರಣಿಯ ಮೊದಲ ಚೆಂಡನ್ನು ಎಸೆದವನು ಈತನೇ. ಎಸೆದು ಸೋತ, 7–3ರಿಂದ! ಆದರೂ ತಂಡ ಮತ್ತೆ ಅವನ ಕೈಗೇ ಚೆಂಡನ್ನಿತ್ತಿತು, ಸರಣಿ ಬಾಸ್ಟನ್ನಿನದಾಯಿತು. ಮರುವರ್ಷ ಮೇ 5ರಂದು ಅದೇ ಮೈದಾನದಲ್ಲಿ ಫಿಲಡೆಲ್ಫಿಯದ 27 ದಾಂಡಿಗರು ಬಂದರು, 27 ಮಂದಿಯೂ ಮರಳಿದರು. ಮೊದಲನೆಯ ನೆಲೆಯನ್ನು ಮುಟ್ಟಿದವನು ಒಬ್ಬನೂ ಇಲ್ಲ.

22 ಋತುಗಳಲ್ಲಿ ಅವನ ಗೆಲುವು 511. ಅನಂತರದ ಸ್ಥಾನದಲ್ಲಿರುವ ವಾಲ್ಟರ್ ಜಾನ್ಸನ್ನನದು 417. ಆದರೆ ಯಂಗ್ 300ಕ್ಕೂ ಮೀರಿ ಆಟಗಳನ್ನು ಸೋತಿದ್ದಾನೆ, ಅದೂ ದಾಖಲೆಯೇ. ಪಿಯೋಲಿಯ ಶಿಲೆ ಗೆಲುವುಗಳನ್ನು ಎಣಿಸುತ್ತದೆ, ಸೋಲುಗಳನ್ನು ಹೇಳುವುದಿಲ್ಲ. ಅಗಲಿದವರ ವಿಷಯದಲ್ಲಿ ಲೋಕವು ತೋರುವ ದಾಕ್ಷಿಣ್ಯವದು. ಆದರೂ ಅಷ್ಟು ಬಾರಿ ಸೋಲುವ ಅವಕಾಶ ಯಾರಿಗುಂಟು? ಸೋತ ಮರುವಾರವೂ ನಂಬಿ ಚೆಂಡು ಕೊಡಬಹುದಾದವನಿಗೆ ಮಾತ್ರ.

1911ರಲ್ಲಿ ಆಟ ಬಿಟ್ಟ ಯಂಗ್ ಓಹಾಯೊದ ಹೊಲಕ್ಕೇ ಹಿಂದಿರುಗಿದ, 1955ರಲ್ಲಿ ತೀರಿಕೊಂಡ. ಮರುವರ್ಷದಿಂದ ಶ್ರೇಷ್ಠ ಪಿಚರನಿಗೆ ಕೊಡುವ ಪ್ರಶಸ್ತಿ ಅವನ ಹೆಸರನ್ನು ಹೊತ್ತಿದೆ. ಹಳ್ಳಿಯಿಂದ ಹೊರಟ ಚೆಂಡು ದೂರವೆಲ್ಲ ಹಾರಿ, ಕೊನೆಗೆ ಹಳ್ಳಿಯ ಕಲ್ಲಿನ ಮೇಲೆಯೇ ಬಂದು ಕುಳಿತಿದೆ.