ಆಗುಂಬೆಯ ಇಳಿಜಾರಿನಲ್ಲಿ ಜಾವಾ

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ದಾರಿಯಲ್ಲಿ 14 ಕಡಿದಾದ ತಿರುವುಗಳು. ಮೈಸೂರಿನ ಹಳೆಯ ಜಾವಾ ಮೋಟಾರ್ ಸೈಕಲ್ಲಿಗೆ ಇದಕ್ಕಿಂತ ಕಠಿನವಾದ ಪರೀಕ್ಷೆ ಬೇಕಿಲ್ಲ. 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜನ್ಮತಾಳಿದ ಈ ವಾಹನವು, 1996ರಲ್ಲಿ ಆ ಕಾರ್ಖಾನೆ ಮುಚ್ಚಿದ ಮೇಲೂ ಹವ್ಯಾಸಿಗಳ ಮನೆಗಳಲ್ಲಿ ಜೋಪಾನವಾಗಿ ಉಳಿದಿದೆ.

ಅದರ ಎರಡು ಚಕ್ರಗಳಿಗೂ ಇರುವುದು ಡ್ರಮ್ ಬ್ರೇಕು. ಒಳಗಿನ ಷೂಗಳು ಡ್ರಮ್ಮಿಗೆ ಉಜ್ಜಿದಾಗ ವೇಗವು ಶಾಖವಾಗುತ್ತದೆ. ಮುಚ್ಚಿದ ಡ್ರಮ್ಮಿನಿಂದ ಆ ಶಾಖ ಬೇಗನೆ ಹೊರಹೋಗದು. ಎಡೆಬಿಡದೆ ಒತ್ತಿಹಿಡಿದರೆ ತಿರುವು ಕಳೆದಂತೆ ಹಿಡಿತ ಕುಗ್ಗುತ್ತದೆ. ಪಕ್ಕದಲ್ಲಿಯೇ ಕಣಿವೆ, ಮಳೆಗಾಲವಾದರೆ ಮಂಜು ಬೇರೆ!

ಆದುದರಿಂದ ಬಲ್ಲ ಸವಾರನು ಕೆಳಗಿನ ಗೇರಿಗೆ ಬಂದು ಇಂಜಿನ್ನಿನ ತಡೆಯನ್ನೂ ನೆಚ್ಚುತ್ತಾನೆ. ಇಲ್ಲೊಂದು ತೊಡಕುಂಟು. ಟೂ ಸ್ಟ್ರೋಕ್ ಇಂಜಿನ್ನಿನ ತಡೆಯೇ ಅಲ್ಪ. ಅದಕ್ಕೆ ಎಣ್ಣೆ ದೊರೆಯುವುದೂ ಪೆಟ್ರೋಲಿನೊಡನೆ ಬೆರೆತೇ. ಎಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಬಹುದೂರ ಇಳಿದರೆ, ಎಣ್ಣೆ ಸಾಲದೆ ಪಿಸ್ಟನ್ನು ಸಿಲಿಂಡರಿನಲ್ಲಿ ಕಚ್ಚಿಕೊಂಡು ಹಿಂಚಕ್ರ ಥಟ್ಟನೆ ನಿಂತುಬಿಡಬಹುದು. ಅದಕ್ಕಾಗಿಯೇ ಆಗಾಗ ಕ್ಲಚ್ಚು ಹಿಡಿದು, ಎಕ್ಸಿಲರೇಟರನ್ನು ತುಸು ತಿರುವಿ, ಇಂಜಿನ್ನಿಗೆ ಒಂದೊಂದು ಗುಟುಕು ಕುಡಿಸುವುದು. ಇಷ್ಟೊಂದು ಉಪಚಾರ ಬೇಡುವ ವಾಹನದ ಮೇಲೆ ಇಷ್ಟೊಂದು ಮೋಹವೇಕೋ!

ಸೋಮೇಶ್ವರದಲ್ಲಿ ನಿಲ್ಲಿಸಿ ಚಕ್ರದ ನಡುವಿಗೆ ಕೈ ಒಯ್ದರೆ, ಮುಟ್ಟುವ ಮೊದಲೇ ಕಾದ ಕಾವಲಿಯ ಬಿಸಿ.